ಜೋಡಿ ಇಲ್ಲದವನಿಗೆ ಪಾಳಿ ಇಲ್ಲ

೨೦೦೭ರಲ್ಲಿ ನಾನು ಗೋವಾದ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆಯಾಗಿದ್ದೆ. ಆಪರೇಷನ್ನಿಗೆ ಮುನ್ನ ರೋಗಿಯ ಪ್ರಜ್ಞೆ ತಪ್ಪಿಸಿ, ಮುಗಿದ ಮೇಲೆ ಎಬ್ಬಿಸುವುದು ನಮ್ಮ ಕೆಲಸ. ವಾಸಿಯಾದವರು ಸರ್ಜನ್ನಿಗೆ ಪೇಢೆ ತಂದುಕೊಡುತ್ತಾರೆ. ನಮ್ಮ ಮುಖ ಯಾರಿಗೂ ನೆನಪಿರುವುದಿಲ್ಲ. ನನ್ನನ್ನೇ ಹುಡುಕಿಕೊಂಡು ಬಂದ ರೋಗಿ ಒಬ್ಬನೇ, ಮೌಲಾಸಾಬ. ಬಂದದ್ದು ಪೇಢೆ ಕೊಡಲಿಕ್ಕಲ್ಲ, ದೂರು ಹೇಳಲಿಕ್ಕೆ.

ಅವನು ಸಿಂದಗಿ ಕಡೆಯವನು, ಗೋವಾದ ಕೊರ್ಲಿಮ್ಮಿನ ಗೋದಾಮುಗಳಲ್ಲಿ ಹಮಾಲ. ಕರುಳು ತೂತಾಗಿ, ಹೊಟ್ಟೆ ತುಂಬ ಕೀವಾಗಿ ಬಂದಿದ್ದ. ಅವನಿಗೆ ಜನರಲ್ ಅನಸ್ತೇಶಿಯಾ ಕೊಟ್ಟವಳು ನಾನು. ಬದುಕಿದ್ದೇ ಹೆಚ್ಚು. ಗಾಯ ಚೆನ್ನಾಗಿ ಮಾಯ್ದು ಮನೆಗೆ ಹೋದ. ಎರಡು ತಿಂಗಳ ಮೇಲೆ ಹೆಂಡತಿ ಹಸೀನಾಳ ಹೆಗಲು ಹಿಡಿದು ಬಂದು, ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನನ್ನನ್ನು ತಡೆದ.

“ನಿದ್ದಿ ಕೊಟ್ಟಾವ್ರು ನೀವೇ ಅಲ್ರಿ ಬಾಯಾರ? ಅದು ಇನ್ನೂ ಇಳದಿಲ್ರಿ. ಒಂದ್ ಕೊಡ ನೀರು ಎತ್ತಿದ್ರ ಕುಂಡ್ರಬೇಕು ಅನಸ್ತೈತಿ. ಇಳಿಸಿಕೊಡ್ರಿ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನಗೆ ಸಿಟ್ಟು ಬಂತು. ನಾವು ಕೊಡುವ ಔಷಧ ಒಂದೆರಡು ದಿನದಲ್ಲೇ ಮೈ ಬಿಟ್ಟು ಹೋಗುತ್ತದೆ. ಅಂಥ ಸೋಂಕು ಮಾತ್ರ ಮೈಯ ಮಾಂಸಖಂಡವನ್ನೇ ತಿಂದುಹಾಕಿರುತ್ತದೆ, ಅದು ಮತ್ತೆ ಕೂಡಿಬರಲು ತಿಂಗಳುಗಳೇ ಬೇಕು ಎಂದು ಬಿಡಿಸಿ ಹೇಳಿದೆ. ಏನು ತಿನ್ನುತ್ತಾನೆ ಎಂದು ಹಸೀನಾಳನ್ನು ಕೇಳಿದೆ.

“ಬರೇ ಗಂಜಿ ರೀ. ಬ್ಯಾಳಿ, ತತ್ತಿ, ಖಂಡ ಎಲ್ಲಾ ಹಸಿ ಗಾಯಕ್ಕ ನಂಜಲ್ರಿ? ಕೀವು ಆಗತೈತಿ.”

ಗಾಯ ಮಾಯ್ದು ಎಷ್ಟೋ ದಿನವಾಗಿದ್ದರೂ ಪಥ್ಯ ಮುಗಿದಿರಲಿಲ್ಲ. ನಾನೂ ಧಾರವಾಡದವಳೇ, ಈ ನಂಜಿನ ಪುರಾಣ ನಮ್ಮ ಮನೆಯಲ್ಲೂ ಕೇಳಿ ಬೆಳೆದವಳು. “ನಂಜೂ ಇಲ್ಲ ಗಿಂಜೂ ಇಲ್ಲ, ಇವತ್ತಿಂದಾನ ತತ್ತಿ ತಿನಸು” ಎಂದು ಗದರಿದೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಏಳು, ಇರಬೇಕಾದ್ದರ ಅರ್ಧ. ಕಬ್ಬಿಣದ ಮಾತ್ರೆ ಬರೆದುಕೊಟ್ಟೆ. ಕೆಲವು ವಾರಗಳಲ್ಲಿ ರಕ್ತ ಏರಿತು, ಕೆನ್ನೆ ತುಂಬಿತು, ಸುಸ್ತು ಮಾತ್ರ ಹೋಗಲಿಲ್ಲ. ಸಕ್ಕರೆ, ಥೈರಾಯ್ಡ್, ಹೃದಯ ಎಲ್ಲವೂ ಸರಿಯಾಗಿದ್ದವು. ಇದೇ ರೋಗ ಎಂದು ತೋರಿಸಲು ನನಗೆ ಒಂದೂ ಸಿಗಲಿಲ್ಲ.

“ಇನ್ನೂ ಆರು ತಿಂಗಳು ಬೇಕಾದೀತು, ವರ್ಷಾನೂ ಆದೀತು. ಭಾರ ಎತ್ತಬ್ಯಾಡ” ಎಂದೆ.

“ಯಂಕಪ್ಪಂದು ಹ್ಯಾಂಗ್ರಿ ಮತ್ತ?” ಎಂದ.

ಯಂಕಪ್ಪ ಅವನ ಊರಿನವನೇ, ಅವನ ಜೋಡಿ. ಹಮಾಲರ ಗ್ಯಾಂಗಿನಲ್ಲಿ ಕೆಲಸ ಬರುವುದು ಜೋಡಿಗೆ, ಒಬ್ಬೊಬ್ಬರಿಗಲ್ಲ. ಇಬ್ಬರೂ ಚೀಲದ ಎರಡು ತುದಿ ಹಿಡಿದು ತೂಗಿ, ಒಂದೇ ದಮ್ಮಿಗೆ ಥಪ್ಪಿಯ, ಅಂದರೆ ಒಟ್ಟಿದ ಚೀಲಗಳ ಮೇಲೆ ಎಸೆಯಬೇಕು. ಜೋಡಿ ಇಲ್ಲದವನಿಗೆ ಪಾಳಿ ಇಲ್ಲ. ಬೇರೆಯವನನ್ನು ಜೋಡಿ ಮಾಡಿಕೋ ಎಂದು ಗ್ಯಾಂಗಿನವರು ಹೇಳಿದರೂ ಯಂಕಪ್ಪ ಒಪ್ಪಿರಲಿಲ್ಲ. ಒಪ್ಪಿದರೆ ಮೌಲಾಸಾಬನ ಜಾಗ ಹೋದ ಹಾಗೆಯೇ. ಹೀಗೆ ಒಬ್ಬನ ಸುಸ್ತಿಗೆ ಎರಡು ಮನೆಗಳ ಒಲೆ ತಣ್ಣಗಾಗಿತ್ತು.

ನಾನು ಬೇಡವೆಂದ ಮರುವಾರವೇ ಮೌಲಾಸಾಬ ಹೋಗಿ ಚೀಲ ಎತ್ತಿದ. ಕೆಲವು ದಿನ ನಡೆಯಿತಂತೆ. ಯಂಕಪ್ಪ ಭಾರವನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ತೂಗುವಾಗ ಮೌಲಾಸಾಬನ ಹಿಡಿತ ಬಿಟ್ಟಿತು. ಯಂಕಪ್ಪ ಆಯ ತಪ್ಪಿ ಬಿದ್ದ. ಥಪ್ಪಿಯ ಚೀಲಗಳು ಅವನ ಕಾಲ ಮೇಲೆ ಉರುಳಿದವು. ಪಾದದ ಕೀಲು ಪುಡಿಯಾಗಿತ್ತು.

ಯಂಕಪ್ಪನನ್ನು ಆಪರೇಷನ್ನಿಗೆ ತಂದಾಗ ಮೌಲಾಸಾಬ ನನ್ನ ಕಾಲು ಹಿಡಿಯಲು ಬಂದ. “ಅವಗರ ನಿದ್ದಿ ಕೊಡಬ್ಯಾಡ್ರಿ ಬಾಯಾರ.”

“ಇಲ್ಲೋ ಮಾರಾಯಾ, ಸೊಂಟದ ಕೆಳಗಷ್ಟ ಜೋಮು ಹಿಡಸ್ತೀನಿ. ಅವ ಎಚ್ಚರಾನ ಇರ್ತಾನ” ಎಂದೆ. ಅಷ್ಟು ತಿಂಗಳಲ್ಲಿ ಮೊದಲ ಸಲ ಅವನ ಮುಖ ಅರಳಿತು. ಅವನ ತಪ್ಪು ನಂಬಿಕೆಯನ್ನು ತಿದ್ದಲು ನನಗೆ ಮನಸ್ಸು ಬರಲಿಲ್ಲ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಯಂಕಪ್ಪ ಮಲಗಿಕೊಂಡೇ ನನ್ನನ್ನು ಹತ್ತಿರ ಕರೆದ. “ಕೈ ಜಾರಿದ್ದು ನಂದರಿ, ಅವಂದಲ್ಲ. ನೀವು ಹೇಳಿದ್ರ ನಂಬತಾನ, ಹೇಳ್ರಿ ಅವಗ.” ಆಪರೇಷನ್ ಮುಗಿದ ಮೇಲೆ ಹೊರಗೆ ಬಂದು ಹಾಗೆಯೇ ಹೇಳಿದೆ. ಮೌಲಾಸಾಬ ನಂಬಲಿಲ್ಲ. ಗೋಡೆಗೆ ಮುಖ ಮಾಡಿ ಅತ್ತ.

ಯಂಕಪ್ಪನ ಕಾಲು ಕುಂಟಾಗಿಯೇ ಕೂಡಿತು. ಅವರ ಪಾಳಿ ಬೇರೆ ಜೋಡಿಗೆ ಹೋಯಿತು. ಮೌಲಾಸಾಬನನ್ನು ಕೊನೆಯ ಸಲ ನೋಡಿದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದ. “ಆರಾಮ ಅದಿರೇನ್ರಿ?” ಎಂದು ಅವನೇ ಕೇಳಿದ. ನಮಸ್ಕಾರ ಮಾಡಲು ಎದ್ದು ನಿಲ್ಲಬೇಕೆಂದು ಕೈಯೂರಿದವನು ಹಾಗೆಯೇ ಕೂತುಬಿಟ್ಟ.

ಆಪರೇಷನ್ನಿಗೆ ಮುನ್ನ ನಾವು ಯಾವುದಾದರೂ ಔಷಧ ಒಗ್ಗುವುದಿಲ್ಲವೇ, ಹಲ್ಲು ಅಲುಗಾಡುತ್ತದೆಯೇ ಎಂದೆಲ್ಲ ಕೇಳುತ್ತೇವೆ. ಆಮೇಲೆ ಕೂಲಿಯವರಿಗೆ ಇನ್ನೊಂದು ಪ್ರಶ್ನೆ ಸೇರಿಸಿದೆ: ನಿನ್ನ ಜೋಡಿ ಯಾರು? ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಗಾಯ ಮಾಯ್ದರೂ ಸುಸ್ತು ಬೇಗ ಹೋಗುವುದಿಲ್ಲ, ಕಾಯಬೇಕು ಎಂದು ನಿವೃತ್ತಳಾಗುವ ತನಕ ಹೇಳಿದೆ. “ಹೌದ್ರಿ ಬಾಯಾರ” ಎನ್ನುತ್ತಿದ್ದರು. ಹೊಲಿಗೆ ಬಿಚ್ಚಿದ ವಾರದಲ್ಲೇ ಚೀಲಕ್ಕೆ ಕೈ ಹಾಕುತ್ತಿದ್ದರು. ಕಾಯಿರಿ ಎನ್ನುವುದು ಸುಲಭ. ಕಾಯುವವರಿಗೆ ಅನ್ನ ಹಾಕುವವರು ಯಾರು ಎಂಬುದಕ್ಕೆ ನಾನು ಕಲಿತ ವೈದ್ಯದಲ್ಲಿ ಉತ್ತರವಿರಲಿಲ್ಲ.