ಮರಳುವಾಗ ಮಾತ್ರ ಕೈಕೊಡುವ ಎ.ಸಿ.

ಕುಂದಾಪುರದ ಹೆದ್ದಾರಿ ಬದಿಯಲ್ಲಿ ಆಟೊ ಎಲೆಕ್ಟ್ರಿಷಿಯನ್ ಆಗಿ ನನಗೆ ಇಪ್ಪತ್ತೆಂಟು ವರ್ಷವಾಯಿತು. ಕಾರಿನ ಎ.ಸಿ. ವಯರಿಂಗ್ ನನ್ನ ಖಾಸಾ ಕೆಲಸ. ಬೇರೆಯವರು ಕೈಚೆಲ್ಲಿದ ಗಾಡಿ ಕೊನೆಗೆ ನನ್ನ ಶೆಡ್ಡಿಗೇ ಬರುತ್ತದೆ ಎಂಬ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ. ಆ ಜಂಬ ಇಳಿದದ್ದು ಹೋದ ವರ್ಷದ ಬೇಸಿಗೆಯಲ್ಲಿ.

ಮಾರ್ಚ್ ತಿಂಗಳು. ಉಪ್ಪುಂದದ ಮಂಜಣ್ಣ ಒಂದು ಹಳೆಯ ಸಣ್ಣ ಕಾರು ತಂದು ನಿಲ್ಲಿಸಿದರು. ಅವರು ಮೀನುಗಾರಿಕೆ ಬೋಟು ನಡೆಸುವ ತಾಂಡೇಲರಾಗಿದ್ದವರು, ಮೊಣಕಾಲು ನೋವಿನಿಂದ ಕಡಲಿಗೆ ಹೋಗುವುದು ಬಿಟ್ಟಿದ್ದರು. ಹೆಂಡತಿ ಗಿರಿಜಕ್ಕನಿಗೆ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ವಾರಕ್ಕೆ ಎರಡು ಸಲ ಕುಂದಾಪುರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಮೊದಲು ಬಸ್ಸಿನಲ್ಲಿ ಬರುತ್ತಿದ್ದರು. ಒಂದು ದಿನ ಮರಳುವಾಗ ಬಸ್ ಸ್ಟ್ಯಾಂಡಿನ ಬಿಸಿಲಿಗೆ ಆಕೆ ತಲೆತಿರುಗಿ ಬಿದ್ದರು. ಮರುವಾರವೇ ಮಂಜಣ್ಣ ಈ ಕಾರು ಕೊಂಡರು. ಬಣ್ಣ ಕೇಳಲಿಲ್ಲ, ಎಷ್ಟು ಓಡಿದೆ ಎಂದೂ ಕೇಳಲಿಲ್ಲ. ಎ.ಸಿ. ಉಂಟಾ ಎಂದಷ್ಟೇ ಕೇಳಿದ್ದರಂತೆ.

"ಹ್ವಾಯ್, ಹೋಪತಿಗೆ ತಂಪ್ ಸಮಾ ಬತ್ತ್. ಬಪ್ಪತಿಗೆ ಕೈಕೊಡ್ತ್. ಎಂತ ಮಾರಾಯ್ರೆ ಇದ್? ಅವ್ಳಿಗೆ ಬಿಸ್ಲ್ ತಾಗೂಕಾಗ" ಎಂದರು. ಆಸ್ಪತ್ರೆಗೆ ಹೋಗುವಾಗ ತಂಪು ಸರಿಯಾಗಿ ಬರುತ್ತದೆ, ಮನೆಗೆ ಮರಳುವಾಗ ನಿಲ್ಲುತ್ತದೆ ಎಂಬುದು ಅವರ ದೂರು.

ನಾನು ಮೊದಲು ಗ್ಯಾಸ್ ನೋಡಿದೆ. ಎ.ಸಿ. ತಂಪಾಗಲಿಲ್ಲವೆಂದರೆ ನಮ್ಮ ಕಡೆ ಎಲ್ಲರೂ ಗ್ಯಾಸ್ ಖಾಲಿ ಎಂದೇ ಹೇಳುತ್ತಾರೆ. ಗೇಜ್ ಹಾಕಿದರೆ ಒತ್ತಡ ಎರಡೂ ಕಡೆ ಸರಿಯಾಗಿತ್ತು. ಹಾಗಾದರೆ ತೊಂದರೆ ಕರೆಂಟಿನದು. ಎ.ಸಿ. ಬಟನ್ ಒತ್ತಿದಾಗ ಕರೆಂಟು ನೇರವಾಗಿ ಕಂಪ್ರೆಸರಿಗೆ ಹೋಗುವುದಿಲ್ಲ. ಒಳಗಿನ ಕಾಯಿಲ್ ಎಷ್ಟು ತಂಪಾಗಿದೆ ಎಂದು ಅಳೆಯುವ ಥರ್ಮಿಸ್ಟರ್, ಗ್ಯಾಸಿನ ಒತ್ತಡ ಕಾಯುವ ಸ್ವಿಚ್, ರಿಲೇ, ಇಷ್ಟೂ ಒಪ್ಪಿದರೆ ಮಾತ್ರ ಕಂಪ್ರೆಸರಿನ ಕ್ಲಚ್ 'ಟಕ್' ಎಂದು ಕಚ್ಚುತ್ತದೆ. ಒಂದು ಕಡೆ ತಪ್ಪಿದರೂ ಬ್ಲೋವರ್ ಬರೀ ಗಾಳಿ ಊದುತ್ತದೆ.

ರಿಲೇ ಬದಲಿಸಿ ಕಳಿಸಿದೆ. ನಾಲ್ಕೇ ದಿನಕ್ಕೆ ಮತ್ತೆ ಬಂದರು. ಕಾರನ್ನು ಎರಡು ಗಂಟೆ ಸುಡುಬಿಸಿಲಿನಲ್ಲಿ ನಿಲ್ಲಿಸಿದೆ. ಬಿಸಿಯಾದಾಗ ಕ್ಲಚ್ ಕಚ್ಚದೆ ಇರಬಹುದೆಂದು ಅದರ ಸಂದು ಅಳೆದೆ. ಉಪ್ಪುಂದದ ದಾರಿಯಲ್ಲಿ ತ್ರಾಸಿ ಊರಿನ ತನಕ ಓಡಿಸಿ ತಂದೆ. ಒಂದು ನಿಮಿಷವೂ ಎ.ಸಿ. ನಿಲ್ಲಲಿಲ್ಲ. "ನಿಮ್ಮನ್ ಕಂಡ್ರೆ ಮಾತ್ರ ಇದಕ್ಕ್ ಸಿಟ್ಟ್ ಬತ್ತ್ ಕಾಣಿ" ಎಂದು ತಮಾಷೆ ಮಾಡಿದೆ. ಮಂಜಣ್ಣ ನಗಲಿಲ್ಲ.

ಮೂರನೇ ಸಲ ಬಂದಾಗ ಅವರ ಕಣ್ಣು ಕೆಂಪಾಗಿತ್ತು. "ನಿನ್ನೆ ಆಸ್ಪತ್ರೆ ಗೇಟ್ ದಾಟದ್ದೇ ಸೈ, ಬಂದ್. ಅವ್ಳ್ ಎಂತದೂ ಹೇಳೂದಿಲ್ಲ, ಸುಮ್ನೆ ಕೂಕಂತ್ಲ್. ನಂಗ್ ಕಾಂಬುಕಾತಿಲ್ಲ ಮಾರಾಯ್ರೆ."

ಈ ಸಲ ಎಡಗಡೆಯ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯನ್ನೇ ಬಿಚ್ಚಿದೆ. ಸಿಕ್ಕಿತು! ಥರ್ಮಿಸ್ಟರಿನ ಕನೆಕ್ಟರ್ ಲಾಕ್ ಮುರಿದಿತ್ತು, ವಯರು ಕ್ಲಿಪ್ಪು ತಪ್ಪಿ ಸೀಟಿನ ಮುಂದೆ ಕೆಳಗೆ ಜೋತುಬಿದ್ದಿತ್ತು. ಬೆರಳಿನಿಂದ ಮೆಲ್ಲಗೆ ದೂಡಿದೆ. ಕಂಪ್ರೆಸರ್ ನಿಂತಿತು. ಬಿಟ್ಟೆ, ಹಿಡಿಯಿತು. ಮೀಟರಿನಲ್ಲಿ ಎರಡು ಕಿಲೋ ಓಮ್ ತೋರಿಸುತ್ತಿದ್ದದ್ದು ದೂಡಿದ ಕೂಡಲೇ ಸಂಪರ್ಕ ಕಡಿದ ಗುರುತು ತೋರಿಸುತ್ತಿತ್ತು.

"ಹಾಂಗಾರೆ ಬಪ್ಪತಿಗೆ ಮಾತ್ರ ಎಂತಕೆ?" ಎಂದು ಮಂಜಣ್ಣ ಕೇಳಿದರು.

ಕೇಳಬೇಕಾದ ಪ್ರಶ್ನೆಯೇ ಅದು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಮಧ್ಯಾಹ್ನದ ಬಿಸಿಗೆ ಪ್ಲಾಸ್ಟಿಕ್ ಸಡಿಲವಾಗುತ್ತದೆ, ಹೊಂಡ ಬಂದಾಗ ಬಿಡುತ್ತದೆ ಎಂದು ಏನೋ ಒಂದು ಹೇಳಿದೆ. ಕನೆಕ್ಟರನ್ನೇ ತೆಗೆದು ವಯರುಗಳನ್ನು ಬೆಸುಗೆ ಹಾಕಿ, ಸ್ಲೀವ್ ತೊಡಿಸಿ, ಮೇಲೆತ್ತಿ ಎರಡು ಟೈ ಬಿಗಿದೆ. ಗಾಡಿ ಗುಜರಿಗೆ ಹೋದರೂ ಇದು ಬಿಡುವುದಿಲ್ಲ ಎಂದು ಭರವಸೆ ಕೊಟ್ಟೆ.

ಅಷ್ಟಕ್ಕೆ ಸುಮ್ಮನಿರದೆ, ಮುಂದಿನ ಡಯಾಲಿಸಿಸ್ ದಿನ ಆಸ್ಪತ್ರೆ ಎದುರಿನಿಂದ ಅವರ ಕಾರು ಹತ್ತಿ ಹಿಂದಿನ ಸೀಟಿನಲ್ಲಿ ಕುಳಿತೆ. ಗಿರಿಜಕ್ಕನನ್ನು ಕಂಡದ್ದು ಅದೇ ಮೊದಲು. ಮುಂದೆ ಎಡಗಡೆಯ ಸೀಟಿನಲ್ಲಿದ್ದರು; ಬಡಕಲಾಗಿದ್ದರು, ತೋಳಿಗೆ ಬ್ಯಾಂಡೇಜು ಸುತ್ತಿತ್ತು. ಹೊರಗೆ ಬೆಂಕಿಯಂಥ ಬಿಸಿಲು. ನಾನು ಮುಂದಕ್ಕೆ ಬಾಗಿ ಗಾಳಿ ಬರುವ ಕಿಂಡಿಗೆ ಥರ್ಮಾಮೀಟರ್ ಸಿಕ್ಕಿಸಿ "ಏಳ್ ಡಿಗ್ರಿ ಮಂಜಣ್ಣ!" ಎಂದೆ. ಅವರ ಮುಖ ಅರಳಿತು. "ಕಂಡ್ಯಾ, ಇನ್ನ್ ನಿಂಗೆ ತೊಂದ್ರಿ ಇಲ್ಲ" ಎಂದು ಹೆಂಡತಿಗೆ ಹೇಳಿದರು.

ಆಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೈಗಳನ್ನು ಅದರೊಳಗೆ ಸೇರಿಸಿದ್ದರು. ಚಪ್ಪಲಿ ಕಳಚಿದ ಕಾಲು ಡ್ಯಾಶ್‌ಬೋರ್ಡಿನ ಕೆಳಗೆ ಏನನ್ನೋ ಹುಡುಕುತ್ತಿತ್ತು.

"ಎಂತ ಅಕ್ಕಾ, ಕಾಲ್ ನೋವಾ?" ಎಂದೆ.

ಕಾಲನ್ನು ಫಕ್ಕನೆ ಹಿಂದೆಗೆದರು. "ಇಲ್ಲ. ಲಾಯ್ಕ್ ಇತ್ತ್" ಎಂದರು.

ನಾನು ತ್ರಾಸಿಯಲ್ಲಿ ಇಳಿದು, ಗೆದ್ದ ಖುಷಿಯಲ್ಲಿ ಬಸ್ಸು ಹಿಡಿದು ವಾಪಸು ಬಂದೆ.

ಮೇ ತಿಂಗಳಲ್ಲಿ ಗಿರಿಜಕ್ಕ ತೀರಿಕೊಂಡರು. ಉತ್ತರಕ್ರಿಯೆ ಮುಗಿದ ಮೇಲೆ ಒಂದು ಬೆಳಿಗ್ಗೆ ಮಂಜಣ್ಣ ಬಂದರು. ಕಾರಿನ ಗಾಜುಗಳೆಲ್ಲ ಇಳಿದಿದ್ದವು, ಅಂಗಿ ಬೆವರಿಗೆ ಒದ್ದೆಯಾಗಿತ್ತು. ಎ.ಸಿ. ಮತ್ತೆ ಹಾಳಾಯಿತೇ ಎಂದು ನನಗೆ ಗಾಬರಿ.

"ಹಾಳಾಯ್ಲಿಲ್ಲ. ಅದನ್ನ್ ತೆಗ್ದ್ ಬಿಡಿ. ತಂಪ್ ಬಂದ್ರೆ ನಂಗ್ ಕಾರಂಗೆ ಕೂಕಂಬುಕಾತಿಲ್ಲ" ಎಂದರು.

ಸ್ಟೂಲಿನಲ್ಲಿ ಕೂರಿಸಿದೆ. ಅವರು ನೆಲ ನೋಡುತ್ತ ಹೇಳಿದರು. "ಕಡಿಗೆ ಆಸ್ಪತ್ರೆಯಂಗೆ ಹೇಳಿದ್ಲ್. ಡಯಾಲಿಸಿಸ್ ಆದ್ಮೇಲೆ ಮೈಯೆಲ್ಲ ಚಳಿ ಆತಿತ್ತಂಬ್ರ್, ನಡ್ಗ್ ಬತ್ತಿತ್ತಂಬ್ರ್. ಅದಕ್ಕೇ ಕಾಲಂಗೆ ಆ ವಯರ್ ಒತ್ತ್ ಹಿಡಿತಿದ್ಲಂಬ್ರ್. ಎ.ಸಿ. ಬೇಡ ಅಂತ ಸುರೂವಿಗೆ ಎರ್ಡ್ ಸಲ ಹೇಳಿದ್ಲ್. ನಾ ಕೇಂಡಿಲ್ಲ. ಪೆಟ್ರೋಲ್ ಉಳ್ಸೂಕೆ ಹೇಳ್ತ್ಲ್ ಅಂದೇಳಿ ಮಾಡ್ದೆ. ಬೈದೆ. ಮತ್ತೆ ಹೇಳ್ಲಿಲ್ಲ. ನಂಗೆ ಬೇಜಾರಾತ್ತ್ ಅಂದೇಳಿ."

ಕ್ಷಮಿಸಿ ಎಂದೆನೋ ಏನೋ, ನೆನಪಿಲ್ಲ.

"ನಿಮ್ಮದೆಂತ ತಪ್ಪ್? ನೀವ್ ಕೆಲ್ಸ ಸಮಾ ಮಾಡಿದ್ರಿ" ಎಂದು ಅವರೇ ನನ್ನ ಬೆನ್ನ ಮೇಲೆ ಕೈ ಇಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕಂಪ್ರೆಸರಿನ ವಯರು ಬಿಚ್ಚಲು ಐದು ನಿಮಿಷವೂ ಬೇಕಾಗಲಿಲ್ಲ. ಆಮೇಲೆ ನಾನು ಅದೇ ಆಸ್ಪತ್ರೆಯ ನರ್ಸ್ ಒಬ್ಬರನ್ನು ವಿಚಾರಿಸಿದೆ. ರಕ್ತ ಮೈಯಿಂದ ಹೊರಬಂದು ಯಂತ್ರ ಸುತ್ತಿ ಮರಳುವುದರಿಂದ ತುಂಬ ಜನರಿಗೆ ಚಳಿಯಾಗುತ್ತದೆ, ಮನೆಯಿಂದ ಕಂಬಳಿ ತರುವವರೂ ಇದ್ದಾರೆ ಎಂದರು. ಇದನ್ನು ತಿಳಿಯಲು ಮೀಟರು ಬೇಕಿರಲಿಲ್ಲ, ಗೇಜೂ ಬೇಕಿರಲಿಲ್ಲ. ಅಕ್ಕಾ, ನಿಮಗೆ ಹೇಗಾಗುತ್ತದೆ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಮೂರು ಸಲ ಗಾಡಿ ಬಂದಾಗಲೂ ಓಡಿಸುವವರನ್ನು ಕೇಳಿದೆ, ಪಕ್ಕದಲ್ಲಿ ಕೂರುವವರನ್ನು ಕೇಳಲಿಲ್ಲ. ಈಗ ಯಾವ ಕಾರು ಬಂದರೂ ಯಾರು ಎಲ್ಲಿ ಕೂರುತ್ತಾರೆ ಎಂದು ಕೇಳದೆ ನಾನು ಬಾನೆಟ್ ಎತ್ತುವುದಿಲ್ಲ. ಗಿರಾಕಿಗಳು ನಗುತ್ತಾರೆ, ನಗಲಿ.

ನಾನು ವಯರು ಬೆಸೆದ ಮೇಲೆ ಗಿರಿಜಕ್ಕ ಐದು ವಾರ ಬದುಕಿದ್ದರು. ವಾರಕ್ಕೆ ಎರಡರಂತೆ ಹತ್ತು ಸಲ ಆ ಸೀಟಿನಲ್ಲಿ ಕುಳಿತು ಉಪ್ಪುಂದಕ್ಕೆ ಮರಳಿದ್ದಾರೆ. ಆ ಹತ್ತು ಸಲದಲ್ಲಿ ಒಂದು ಸಲವೂ ಎ.ಸಿ. ಕೈಕೊಡಲಿಲ್ಲ.