ಮ್ವಾದಿಮೆ ಬಾವನ ಸಿಂಹಗಳು

ನಮ್ಮಕ್ಕ ಮ್ಕವಾಸಿಯನ್ನು ಮ್ವಾದಿಮೆಗೆ ಕೊಟ್ಟದ್ದು ಸಿಂಹಗಳ ಮುಖ ನೋಡಿ. ಇದು ಚಾಡಿ ಮಾತಲ್ಲ. ಮದುವೆ ಮಾತುಕತೆಯ ದಿನ ನಾನೂ ಅಲ್ಲೇ ಇದ್ದೆ, ಬಂದವರಿಗೆಲ್ಲ ಕಬ್ಬಿನ ಹೆಂಡ ಬಗ್ಗಿಸಿ ಕೊಡುವ ಕೆಲಸ ನನ್ನದಾಗಿತ್ತು. ಅಂಥ ಸಭೆಯಲ್ಲಿ ಗಂಡು ತನ್ನ ಬಗ್ಗೆ ತಾನೇ ಬಾಯಿ ಬಿಡುವಂತಿಲ್ಲ. ಅವನ ಪರವಾಗಿ ಸೋದರಮಾವ ಮಾತಾಡುತ್ತಾನೆ, ಗಂಡು ಮೂಲೆಯಲ್ಲಿ ತಲೆ ತಗ್ಗಿಸಿ ಕೂರುತ್ತಾನೆ. ಹುಡುಗನಿಗೆ ಏನು ಕೆಲಸ ಎಂದು ನಮ್ಮಪ್ಪ ಕೇಳಿದರು. ಸೋದರಮಾವ ಮ್ವಾಚೋಫಿ ಆಗಲೇ ಮೂರು ಸೋರೆಬುರುಡೆ ಹೆಂಡ ಕುಡಿದಿದ್ದರು. ಬಾಯಿ ಒರೆಸಿಕೊಂಡು, ಪಾರ್ಕಿನಲ್ಲಿ ಸಿಂಹಗಳನ್ನು ನೋಡಿಕೊಳ್ಳುತ್ತಾನೆ ಎಂದುಬಿಟ್ಟರು.

ನಿಜವಾದ ಕೆಲಸವೆಂದರೆ, ಗುಡ್ಡ ಇಳಿದು ವೋಯಿ ಪಟ್ಟಣ ದಾಟಿದ ಮೇಲೆ ಸಿಗುವ ಕಾಡುಪ್ರಾಣಿಗಳ ಪಾರ್ಕಿನ ಗೇಟಿನಲ್ಲಿ ಕೂತು, ಒಳಗೆ ಹೋಗುವ ಮತ್ತು ಹೊರಗೆ ಬರುವ ಗಾಡಿಗಳ ನಂಬರು ಬರೆದುಕೊಳ್ಳುವುದು. ಆದರೆ ಸೋದರಮಾವನ ಮಾತನ್ನು ತುಂಬಿದ ಸಭೆಯಲ್ಲಿ ಸೋದರಳಿಯ ತಿದ್ದಿದರೆ ಸಂಬಂಧ ಅಲ್ಲಿಗೇ ಮುರಿದ ಹಾಗೆ. ಮ್ವಾದಿಮೆ ತಲೆ ಎತ್ತಲಿಲ್ಲ. ನಮ್ಮಪ್ಪ ಸಂತೋಷಪಟ್ಟು, ವಧುದಕ್ಷಿಣೆಯಾಗಿ ಕೇಳಬೇಕೆಂದಿದ್ದ ಮೇಕೆಗಳಲ್ಲಿ ಎರಡನ್ನು ಬಿಟ್ಟುಕೊಟ್ಟರು.

ಮಾವ ಒಂದು ಸಲ ಹೇಳಿ ಸುಮ್ಮನಾದರು. ಅದನ್ನು ಇಪ್ಪತ್ತೆರಡು ವರ್ಷ ಸಾಕಿದವನು ಮ್ವಾದಿಮೆ. ರಜೆಯ ದಿನ ಗುಡ್ಡಕ್ಕೆ ಬಂದಾಗಲೆಲ್ಲ ಜನ ಸಿಂಹದ ಸಮಾಚಾರ ಕೇಳುತ್ತಿದ್ದರು, ಇವನು ಹೇಳಲೇಬೇಕಾಗಿತ್ತು. ಸಿಂಹಿಣಿಯೊಂದು ಗೇಟಿನ ಕಿಟಕಿಗೆ ಬಂದು ಚೀಟಿ ಕೇಳುವವರ ಹಾಗೆ ನಿಂತದ್ದು. ಗೇಟಿಗೆ ಅಡ್ಡ ಮಲಗಿದ್ದ ಮುದಿ ಸಿಂಹವನ್ನು ಇವನು ಬಾಲ ಹಿಡಿದು ಬದಿಗೆ ಎಳೆದದ್ದು, ಅದು ಒಂದು ಕಣ್ಣು ತೆರೆದು ಇವನ ಗುರುತು ಹಿಡಿದು ಮತ್ತೆ ಮಲಗಿದ್ದು. ಇವನ್ನೆಲ್ಲ ಅವನು ಹೇಳುತ್ತಿದ್ದದ್ದು ನನ್ನ ಹಿಟ್ಟಿನ ಗಿರಣಿಯ ಮುಂದೆ. ಜೋಳ ಬೀಸಿಸಲು ಬಂದವರು ತಮ್ಮ ಸರದಿ ಬಂದರೂ ಏಳುತ್ತಿರಲಿಲ್ಲ. ಗಿರಣಿ ನನ್ನದು, ನೆರಳು ನನ್ನದು, ಬೆಂಚು ನನ್ನದು. ನಾನು ಏನಾದರೂ ಹೇಳಲು ಬಾಯಿ ತೆರೆದರೆ ಮಾತ್ರ ಎಲ್ಲರಿಗೂ ಮನೆಯಲ್ಲಿ ಕೆಲಸ ನೆನಪಾಗುತ್ತಿತ್ತು. ನನಗೆ ಹೊಟ್ಟೆಕಿಚ್ಚಿತ್ತು, ಇಲ್ಲವೆನ್ನುವುದಿಲ್ಲ.

ಮೂರು ವರ್ಷದ ಹಿಂದೆ ಗಿರಣಿಗೆ ಬೆಲ್ಟು ತರಲು ವೋಯಿಗೆ ಹೋಗಿದ್ದೆ. ಚಹಾದಂಗಡಿಯಲ್ಲಿ ಪಕ್ಕಕ್ಕೆ ಕೂತವನು ಪ್ರವಾಸಿಗರ ಗಾಡಿ ಓಡಿಸುವ ಕೊಂಬೊ. ಗೇಟಿನ ಮ್ವಾದಿಮೆ ನನ್ನ ಬಾವ ಎಂದೆ. ಒಳ್ಳೆಯ ಮನುಷ್ಯ ಎಂದ. ಹತ್ತಿಸಿಕೊಂಡು ಹೋಗಿ ಒಂದು ಸುತ್ತು ತೋರಿಸುತ್ತೇನೆ ಎಂದು ಎಷ್ಟೋ ಸಲ ಕರೆದಿದ್ದಾನಂತೆ. ಕೆಲಸವಿದೆ, ಕಾಲು ನೋವು ಎಂದು ಬಾವನದು ಏನಾದರೊಂದು ನೆಪ. ಆ ಗೇಟು ದಾಟಿ ಅವನು ಒಳಗೆ ಹೆಜ್ಜೆ ಇಟ್ಟದ್ದನ್ನು ಯಾರೂ ನೋಡಿಲ್ಲವಂತೆ.

ಚಹಾ ತಣ್ಣಗಾಯಿತು. ಬಾವ ಸಿಂಹವನ್ನೇ ನೋಡಿಲ್ಲ. ಮೊದಲು ಸಮಯ ಸಿಕ್ಕಿರಲಿಕ್ಕಿಲ್ಲ. ಆಮೇಲೆ, ಅಷ್ಟೊಂದು ಕಥೆ ಹೇಳಿದ ಮೇಲೆ, ಮೊದಲ ಸಲ ನೋಡುವುದನ್ನು ಯಾರಾದರೂ ನೋಡಿಬಿಟ್ಟರೆ ಎಂಬ ಹೆದರಿಕೆ. ನಾನು ಅಂದೇ ಊರಿಗೆ ಬಂದು ಡಂಗುರ ಸಾರಬಹುದಾಗಿತ್ತು. ಸಾರಲಿಲ್ಲ. ಒಳ್ಳೆಯದನ್ನು ಒಳ್ಳೆಯ ಸಭೆಯಲ್ಲೇ ಹೇಳಬೇಕೆಂದು ಕಾಯ್ದಿಟ್ಟುಕೊಂಡೆ.

ಸಭೆಯನ್ನು ಕೂಡಿಸಿಕೊಟ್ಟವಳು ನಮ್ಮಕ್ಕನೇ. ಅವಳು ಗುಡ್ಡದ ಮಹಿಳಾ ಸಂಘದ ಅಧ್ಯಕ್ಷೆ. ಸಂಘದಲ್ಲಿ ಇಪ್ಪತ್ತೆಂಟು ಹೆಂಗಸರು, ಕೈಯಿರುವ ಪ್ಲಾಸ್ಟಿಕ್ ಕುರ್ಚಿ ಒಂದೇ, ಅದು ಅಧ್ಯಕ್ಷೆಯದು. ಉಳಿದವರಿಗೆ ಚಾಪೆ. ಆ ಕುರ್ಚಿಯ ಮೇಲೆ ಕಾರ್ಯದರ್ಶಿ ವಕೇಶೊಗೆ ಹತ್ತು ವರ್ಷದಿಂದ ಕಣ್ಣು. ಈ ವರ್ಷ ಸಂಘದ ಹಣದಲ್ಲಿ ಕಂಬಳಿ ಕೊಳ್ಳುವುದೋ ಪಾತ್ರೆ ಕೊಳ್ಳುವುದೋ ಎಂಬ ಮಾತು ಬಂದಾಗ ವಕೇಶೊ, ಎರಡೂ ಬೇಡ, ಬಸ್ಸು ಮಾಡಿಕೊಂಡು ಪಾರ್ಕಿಗೆ ಹೋಗೋಣ, ಅಧ್ಯಕ್ಷೆಯ ಯಜಮಾನರ ಸಿಂಹಗಳು ಹೇಗಿವೆ ನೋಡೋಣ ಎಂದು ಕುಟುಕಿದಳು. ಚಾಪೆಗಳ ಮೇಲೆ ನಗು ಹರಿದಾಡಿತು.

ಅಕ್ಕ ನಗಲಿಲ್ಲ. "ಹೋಗೋಣ. ನಮ್ಮನೆಯವರೇ ತೋರಿಸ್ತಾರೆ. ಸಿಂಹ ಕಾಣಿಸ್ಲಿಲ್ಲ ಅಂದ್ರೆ ಈ ಕುರ್ಚಿ ನಿಂದು," ಎಂದಳು.

ಸುದ್ದಿ ಕೇಳಿ ಬಾವನಿಗೆ ಮೂರು ದಿನ ಜ್ವರ ಬಂತು. ನಾಲ್ಕನೆಯ ದಿನ ಅಕ್ಕ ಅವನ ಯೂನಿಫಾರ್ಮಿಗೆ ಇಸ್ತ್ರಿ ಹಾಕಿ ಬಾಗಿಲಿಗೆ ತೂಗುಹಾಕಿದಳು. ಜ್ವರ ಬಿಟ್ಟಿತು.

ಆಗಸ್ಟಿನ ಒಂದು ರಜೆಯ ಬೆಳಿಗ್ಗೆ ಶಾಲೆಯ ಬಸ್ಸಿನಲ್ಲಿ ಹೊರಟೆವು. ಗಂಡಸರೆಂದರೆ ಡ್ರೈವರ್, ಬಾವ, ಮತ್ತು ಡಬ್ಬಿ ಹೊರಲು ಒಬ್ಬರು ಬೇಕೆಂದು ನಾನಾಗಿ ಬಂದ ನಾನು. ಬಾವನ ಪಕ್ಕದ ಸೀಟು ಹಿಡಿದೆ. ಅವನು ಬೆಳ್ಳಗಿನ ಯೂನಿಫಾರ್ಮು ಹಾಕಿಕೊಂಡು ಕೈಯನ್ನು ತೊಡೆಯ ಮೇಲಿಟ್ಟು ಕೂತಿದ್ದ. ನಾನು ಇಡೀ ದಾರಿ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಸಿಂಹ ಸಿಗದೆ ವಾಪಸು ಹೊರಟಾಗ ಎದ್ದು ನಿಂತು ಕೊಂಬೊ ಹೇಳಿದ್ದನ್ನೆಲ್ಲ ಹೇಳುವುದು. ಸಿಕ್ಕರೆ, ಬಾವ, ಇಳಿದು ಬಾಲ ಹಿಡಿದು ಎಳೆಯಿರಿ ಎನ್ನುವುದು. ಎರಡರಲ್ಲಿ ಯಾವುದಾದರೂ ನನಗೆ ಸಂತೋಷವೇ.

ಗೇಟಿನಲ್ಲಿ ಬಸ್ಸು ನಿಂತಾಗ ಬಾವ ಇಳಿದ. ಮುಂಜಾನೆಯೇ ಒಳಹೋಗಿದ್ದ ಗಾಡಿಯೊಂದು ಆಗಷ್ಟೇ ಹೊರಗೆ ಬಂದು ನಿಂತಿತ್ತು. ಅವನು ಅದರ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಚಕ್ರದಿಂದ ಮಣ್ಣು ಕೆರೆದು ಬೆರಳಲ್ಲಿ ಉಜ್ಜಿ ನೋಡಿದ. ಅಲ್ಲಿನ ಮಣ್ಣು ಇಟ್ಟಿಗೆಯ ಕೆಂಪು. ಒಳಗೆ ಹೋದದ್ದೆಲ್ಲ ಕೆಂಪಾಗಿಯೇ ಬರುತ್ತದೆ, ಆನೆಗಳು ಕೂಡ ಕೆಂಪು. ಆದರೆ ಆ ಚಕ್ರಕ್ಕೆ ಅಂಟಿದ್ದದ್ದು ಕಪ್ಪು ಕೆಸರು, ಹೊಳೆದಂಡೆಯದು. ಬಾವ ಹತ್ತಿ ಬಂದು, ಹೊಳೆ ಕಡೆ ಹೋಗಲಿ ಎಂದು ಡ್ರೈವರಿಗೆ ಹೇಳಿದ. ಬಾವ ಸಿಂಹದ ವಾಸನೆ ಹಿಡಿದ ಎಂದು ಹಿಂದಿನ ಸೀಟುಗಳಲ್ಲಿ ಪಿಸುಗುಟ್ಟಿದರು.

ಹೊಳೆಯ ದಾರಿಯಲ್ಲಿ ಮೊದಲು ಸಿಕ್ಕಿದ್ದು ಆನೆಗಳ ಹಿಂಡು. ದೂರದ ದೇಶದವರು ಇದಕ್ಕಾಗಿಯೇ ವಿಮಾನ ಹತ್ತಿ ಬರುತ್ತಾರಂತೆ. ನಮ್ಮ ಹೆಂಗಸರು ಕಿಟಕಿ ಇಳಿಸಿ ಬೈಯಲು ಶುರುಮಾಡಿದರು. ಜೋಳ ತಿಂದದ್ದು, ಬಾಳೆ ಮುರಿದದ್ದು, ನೀರಿನ ಪೈಪು ಕಿತ್ತದ್ದು, ಎಲ್ಲವೂ ಹೊರಗೆ ಬಂತು. ಒಬ್ಬಾಕೆ ಕಿವಿ ಹರಿದ ಆನೆಯೊಂದನ್ನು ತೋರಿಸಿ, "ಇವ್ಳೇ ಕಣೇ, ನಮ್ಮ ಕುಂಬಳಕಾಯಿ ಅಷ್ಟೂ ತಿಂದೋಳು. ನೋಡು ಹೇಗೆ ಏನೂ ಗೊತ್ತಿಲ್ದೋಳ ಥರ ನಿಂತಿದಾಳೆ," ಎಂದಳು. ಆನೆ ಏನೂ ಗೊತ್ತಿಲ್ಲದವಳ ಹಾಗೆಯೇ ನಿಂತಿತ್ತು. ಫೋಟೋ ಯಾರೂ ತೆಗೆಯಲಿಲ್ಲ.

ಆಮೇಲೆ ಎರಡು ಗಂಟೆ ಏನೂ ಇಲ್ಲ. ಜೀಬ್ರಾ ಬಂದವು, ಹೋದವು. ಚಪಾತಿ ಬಂತು, ಮುಗಿಯಿತು. ಬೇಯಿಸಿ ಅರೆದ ಮರಗೆಣಸಿನ ಮುದ್ದೆಯ ಡಬ್ಬಿಗಳೂ ಖಾಲಿಯಾದವು. ಧೂಳು ಕಿಟಕಿಯಿಂದ ನುಗ್ಗಿ ಎಲ್ಲರ ಹುಬ್ಬಿನ ಮೇಲೆ ಕೂತಿತು. ವಕೇಶೊ ಆ ಕುರ್ಚಿಗೆ ಮೆತ್ತೆ ಹೊಲಿಸಬೇಕು, ಬೆನ್ನಿಗೆ ಒತ್ತುತ್ತದೆ ಎಂದು ಯಾರಿಗೋ ಹೇಳುತ್ತಿದ್ದಳು, ಅಕ್ಕನಿಗೆ ಕೇಳಿಸುವಷ್ಟು ಜೋರಾಗಿ. ಅಕ್ಕ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತಿದ್ದಳು.

ನಾನು ಬಾವನನ್ನೇ ಗಮನಿಸುತ್ತಿದ್ದೆ. ಎಲ್ಲರೂ ಹುಲ್ಲು ಪೊದೆ ನೋಡುತ್ತಿದ್ದರೆ ಅವನು ಒಮ್ಮೆಯೂ ಹುಲ್ಲು ನೋಡಲಿಲ್ಲ. ಅವನು ನೋಡುತ್ತಿದ್ದದ್ದು ಗಾಡಿಗಳನ್ನು. ದೂರದಲ್ಲಿ ಧೂಳೆದ್ದರೆ ಕಣ್ಣು ಕಿರಿದು ಮಾಡಿ ನಂಬರು ಹಿಡಿಯುತ್ತಿದ್ದ. ಒಂದು ಕಡೆ ನಾಲ್ಕು ಗಾಡಿ ಸೇರಿದ್ದವು, ಡ್ರೈವರ್ ಆಸೆಯಿಂದ ಅತ್ತ ತಿರುಗಿಸಿದ. ಬೇಡ ಎಂದ ಬಾವ. ಆ ನಾಲ್ವರೂ ಹೊಸಬರು, ಜಿರಾಫೆಗೂ ನಿಲ್ಲಿಸುತ್ತಾರೆ. ಹತ್ತಿರ ಹೋದರೆ ಜಿರಾಫೆಯೇ.

ಹೊಳೆಯ ತಿರುವಿನಲ್ಲಿ ಒಂದೇ ಒಂದು ಹಳೆಯ ಹಸಿರು ಗಾಡಿ ಮರದ ಕೆಳಗೆ ನಿಂತಿತ್ತು. ಬಾವ ಸೀಟಿನಿಂದ ಅರ್ಧ ಎದ್ದ.

"ಅದು ಕೊಂಬೊ ಗಾಡಿ," ಎಂದ. "ಎಂಜಿನ್ ಆರಿಸಿದಾನೆ. ಆ ಗಾಡಿಗೆ ಬ್ಯಾಟ್ರಿ ಸರಿ ಇಲ್ಲ, ಗೇಟಲ್ಲಿ ನಿಂತ್ರೂ ಆರಿಸಲ್ಲ ಅವ್ನು. ತಳ್ಳಬೇಕಾದ್ರೂ ಪರವಾಗಿಲ್ಲ ಅಂತ ಆರಿಸಿದಾನೆ ಅಂದ್ರೆ... ನಿಧಾನ ಹೋಗು, ಹಾರ್ನ್ ಮಾಡ್ಬೇಡ."

ಎರಡಿದ್ದವು. ಪೊದೆಯ ನೆರಳಿನಲ್ಲಿ, ಬಸ್ಸಿನಿಂದ ನಮ್ಮ ಅಂಗಳದಷ್ಟು ದೂರದಲ್ಲಿ ಮಲಗಿದ್ದವು. ಗಂಡಿಗೆ ಕೇಸರ ಹೆಚ್ಚಿರಲಿಲ್ಲ, ನಮ್ಮ ಕಡೆಯ ಸಿಂಹಗಳಿಗೆ ಇರುವುದೇ ಅಷ್ಟು. ಹೆಣ್ಣು ಅಂಗಾತ ಬಿದ್ದುಕೊಂಡಿತ್ತು. ಮುಖದ ಮೇಲೆ ನೊಣ. ಬಸ್ಸಿನಲ್ಲಿ ಇಪ್ಪತ್ತೆಂಟು ಹೆಂಗಸರು ಬಾಯಿ ಮುಚ್ಚಿ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನನ್ನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾವನ ಕಡೆ ತಿರುಗಿದೆ. ಅವನು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಬಾಯಿ ತೆರೆದಿತ್ತು. ಕಣ್ಣಿನಿಂದ ನೀರು ಇಳಿದು ಕೆನ್ನೆಯ ಧೂಳಿನ ಮೇಲೆ ಗೆರೆ ಎಳೆದಿತ್ತು.

"ಉಸಿರಾಡ್ತಿದೆ," ಎಂದ, ಯಾರಿಗೂ ಅಲ್ಲ. "ನೋಡು, ಹೊಟ್ಟೆ ಮೇಲೆ ಕೆಳಗೆ ಹೋಗ್ತಿದೆ."

ವಕೇಶೊಗೆ ಕಿವಿ ಚುರುಕು. ಅವಳು ಸಿಂಹ ಬಿಟ್ಟು ಇತ್ತ ತಿರುಗಿದಳು. "ಏನು ಬಾವ, ಒಳ್ಳೆ ಮೊದಲ್ನೇ ಸಲ ನೋಡೋರ ಥರ ನೋಡ್ತಿದೀರಲ್ಲ?"

ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಸಿಂಹಗಳನ್ನು ಯಾರೂ ನೋಡುತ್ತಿರಲಿಲ್ಲ. ಬಾವ ಕಣ್ಣು ಒರೆಸಿಕೊಳ್ಳಲಿಲ್ಲ, ಒರೆಸಿಕೊಂಡರೆ ಒಪ್ಪಿಕೊಂಡ ಹಾಗೆ ಎಂದು ಅವನಿಗೂ ಗೊತ್ತಿತ್ತು. ನಾನು ಮೂರು ವರ್ಷ ಕಾದಿದ್ದ ಸಭೆ ಅದೇ. ಒಂದು ಮಾತು ಸಾಕಾಗಿತ್ತು.

ನಾನು ಆಡಲಿಲ್ಲ. ಏಕೆಂದು ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಎತ್ತಿಟ್ಟುಕೊಂಡಿದ್ದ ಕಡೆಯ ಚಪಾತಿ ಬಾಯಲ್ಲಿತ್ತು, ಅದೊಂದು ಕಾರಣ.

ಅಕ್ಕ ಮಾತ್ರ ಹಿಂದೆ ತಿರುಗಲೂ ಇಲ್ಲ. ಸಿಂಹಗಳನ್ನೇ ನೋಡುತ್ತ ಹೇಳಿದಳು: "ಕೆಲಸದ ಮೇಲಿದ್ದಾಗ ಅವ್ರು ಹಾಗೇನೇ. ಮಾತಾಡಿಸ್ಬೇಡ, ವಕೇಶೊ."

ದನಿಯಲ್ಲಿ ಎಷ್ಟು ಬೇಸರವಿತ್ತೆಂದರೆ, ಇಪ್ಪತ್ತೆರಡು ವರ್ಷದಿಂದ ಇದೇ ಗೋಳು ಎನ್ನುವಂತಿತ್ತು. ಹೆಂಗಸರು ಮತ್ತೆ ಕಿಟಕಿಯ ಕಡೆ ತಿರುಗಿದರು. ನಲವತ್ತು ನಿಮಿಷ ನಿಂತಿದ್ದೆವು. ಗಂಡು ಸಿಂಹ ಒಂದು ಸಲ ಕಿವಿ ಆಡಿಸಿತು. ಅಷ್ಟೇ. ಹೊರಡುವಾಗ ಕೊಂಬೊನ ಗಾಡಿ ನಿಜಕ್ಕೂ ಹೊರಡಲಿಲ್ಲ. ಇಳಿದು ತಳ್ಳುವಂತಿಲ್ಲವಲ್ಲ, ನಮ್ಮ ಬಸ್ಸೇ ಹಿಂದಿನಿಂದ ಮೆಲ್ಲಗೆ ಮೂತಿ ತಾಗಿಸಿ ನೂಕಿತು.

ಕುರ್ಚಿ ಅಕ್ಕನಲ್ಲೇ ಉಳಿಯಿತು. ಮೆತ್ತೆಯನ್ನು ವಕೇಶೊ ಹೊಲಿಸಲಿಲ್ಲ.

ಮರುದಿನ ಬೆಳಿಗ್ಗೆ ಬಾವ ಗಿರಣಿಗೆ ಬಂದ. ಜೋಳದ ಚೀಲದ ಜೊತೆ ಬಂದಿದ್ದವರೆಲ್ಲ ಬೆಂಚು ಹಿಡಿದರು, ಕೇಳಿದರು. ಮಲಗಿದ್ದವು ಎಂದ ಬಾವ. ಆಮೇಲೆ? ಉಸಿರಾಡುತ್ತಿದ್ದವು. ಆಮೇಲೆ? ಕಿವಿ ಆಡಿಸಿತು. ಜನ ಇನ್ನೂ ಸ್ವಲ್ಪ ಕಾದು, ಆ ಚೀಟಿ ಕೇಳಿದ ಸಿಂಹಿಣಿಯದನ್ನೇ ಹೇಳು ಎಂದರು. ಬಾವ ತಲೆ ಅಲ್ಲಾಡಿಸಿ, ಸಿಂಹ ಹಾಗೆಲ್ಲ ಬರುವುದಿಲ್ಲ ಎಂದ. ಜನ ಎದ್ದು ತಮ್ಮ ತಮ್ಮ ಚೀಲ ಹಿಡಿದು ನಿಂತರು. ನಾನು ಬಯಸಿದ್ದು ಇದನ್ನೇ, ಮತ್ತು ನನಗೆ ಒಂದಿಷ್ಟೂ ಖುಷಿಯಾಗಲಿಲ್ಲ.

ಬಸ್ಸಿನಲ್ಲಿ ಉಳಿದಿದ್ದ ಡಬ್ಬಿ ಕೊಡುವ ನೆಪ ಮಾಡಿಕೊಂಡು ಅಕ್ಕನ ಮನೆಗೆ ಹೋದೆ. ಅವಳು ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಬಾವನ ಯೂನಿಫಾರ್ಮು ಒಗೆಯುತ್ತಿದ್ದಳು. ಬಕೆಟ್ಟಿನ ನೀರು ಇಟ್ಟಿಗೆ ಕದಡಿದ ಹಾಗೆ ಕೆಂಪಾಗಿತ್ತು.

"ನೋಡು," ಎಂದಳು. "ಇಪ್ಪತ್ತೆರಡು ವರ್ಷ ಒಗ್ದಿದೀನಿ ಈ ಅಂಗಿ. ತೋಳಿಗೆ ಇಂಕು ಬಿಟ್ರೆ ಏನೂ ಇರ್ತಿರ್ಲಿಲ್ಲ. ಕೆಂಪು ಬಿಟ್ಟಿದ್ದು ಇವತ್ತೇ."

ನಾನು ಡಬ್ಬಿ ಹಿಡಿದೇ ನಿಂತೆ. ಹಾಗಾದರೆ ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ಮದುವೆಯಾದ ಮೊದಲ ವಾರದಿಂದ ಎಂದಳು.

"ಮತ್ತೆ ಒಂದಿನಾನೂ ಕೇಳ್ಲಿಲ್ವಾ?"

"ಕೇಳಿದ್ರೆ ಹೇಳ್ಬಿಡ್ತಿದ್ರು."

"ಗೊತ್ತಿದ್ದೂ ಅಷ್ಟು ಜನರ ಮುಂದೆ ಕುರ್ಚಿ ಪಣಕ್ಕಿಟ್ಯಲ್ಲ, ಅಕ್ಕ?"

ಅವಳು ಅಂಗಿಯನ್ನು ಹಿಂಡಿದಳು. "ಇನ್ನು ಎರಡು ವರ್ಷಕ್ಕೆ ರಿಟೈರ್ ಆಗ್ತಾರೆ, ತಮ್ಮ. ಅವ್ರಾಗಿ ಒಳಗೆ ಹೋಗ್ತಿರ್ಲಿಲ್ಲ."

ಅಂಗಿಯನ್ನು ಕೊಡವಿ ತಂತಿಗೆ ಹಾಕಿದಳು. ಕಾಲರಿನ ಒಳಮಗ್ಗುಲಲ್ಲಿ ಒಂದು ಬೆರಳಗಲ ಕೆಂಪು ಹಾಗೇ ಉಳಿದಿತ್ತು. ಅದು ಹೋಗಿಲ್ಲ ಎಂದು ತೋರಿಸಿದೆ. ಗೊತ್ತು ಎಂದಳು. ಸೋಪನ್ನು ಎತ್ತಿಟ್ಟು ಡಬ್ಬಿ ತೆಗೆದುಕೊಂಡು ಒಳಗೆ ಹೋದಳು.