ಅಕ್ಕನ ಗಂಟಲು

"ಟಕ್." ನಡುನೆತ್ತಿಯ ಕೂದಲನ್ನು ಬೆರಳಿಗೆ ಸುತ್ತಿ ಜೋರಾಗಿ ಜಗ್ಗಿದಾಗ ಬರುವ ಸದ್ದು ಅದು. ಗಂಟಲು ನೋವೆಂದರೆ ಕಿರುನಾಲಿಗೆ ಜೋತುಬಿದ್ದಿದೆ, ನೆತ್ತಿಯಲ್ಲಿ ಸದ್ದು ಬಂದರೆ ಅದು ಮೇಲೇರಿತು ಎಂದು ನಮ್ಮ ಕೊಟ್ಟೂರಿನ ಕಡೆ ನಂಬಿಕೆ. ಕಳೆದ ವರ್ಷ ಬೇಸಿಗೆಯುದ್ದಕ್ಕೂ ಅಕ್ಕನ ನೆತ್ತಿಯಲ್ಲಿ ಆ ಸದ್ದು ಕೇಳುತ್ತಲೇ ಇತ್ತು.

"ಬಂತು ನೋಡ್ರಿ ಸದ್ದು! ಇನ್ನ ಗಂಟ್ಲು ಹೂವು ಆಗ್ತೈತಿ," ಎಂದು ಕೂದಲು ಜಗ್ಗಿದ ಪಕ್ಕದ ಮನೆಯಾಕೆ ಕೈ ಒರೆಸಿಕೊಳ್ಳುತ್ತಿದ್ದಳು.

ಒಂದೆರಡು ದಿನ ರಿಲೀಫ್, ಮತ್ತೆ ಅದೇ ನೋವು. ಅಕ್ಕ ಉಪ್ಪುನೀರು ಮುಕ್ಕಳಿಸಿದಳು, ಅರಿಶಿನದ ಹಾಲು ಕುಡಿದಳು. ದವಡೆಯ ಸಂದಿನ ಕಡ್ಡಿಪುಡಿ ತಂಬಾಕನ್ನು ಮಾತ್ರ ಬಿಡಲಿಲ್ಲ. ದನಿ ಒಡೆಯಿತು. ನೋವು ಬಲಗಿವಿಗೂ ಹೊಡೆಯತೊಡಗಿತು. ಕಟಿರೊಟ್ಟಿ ಕಟಕಟ ಕಡಿಯುತ್ತಿದ್ದವಳು ಬಿಸಿ ರೊಟ್ಟಿಯನ್ನೂ ಸಾರಿನಲ್ಲಿ ನೆನೆಸಿ ನುಂಗುವುದನ್ನು ಕಂಡಾಗ ನನಗೆ ಪ್ಯಾನಿಕ್ ಆಯಿತು.

"ಪ್ಲೀಸ್ ಅಕ್ಕ, ಹಗರಿಬೊಮ್ಮನಹಳ್ಳಿಗೆ ಹೋಗಿ ಡಾಕ್ಟರಿಗೆ ತೋರಿಸೋಣ ನಡಿ."

"ಹೋಗಲೇ ಕಾನ್ವೆಂಟಿನಾಕಿ! ನೀ ಸೀನಿದ್ರೂ ಡಾಕ್ಟರ್ ಬೇಕು. ನಂದು ಬರೇ ಕಿರುನಾಲಿಗಿ."

ಬೇಡಿಕೊಂಡೆ, ಜಗಳವಾಡಿದೆ. ಕೊನೆಗೆ, ನೀನು ಬರುವತನಕ ನಾನೂ ಉಣ್ಣುವುದಿಲ್ಲ ಎಂದು ಅವಳ ಹೊಸ್ತಿಲಲ್ಲೇ ಕೂತೆ.

"ಏಳು, ಶುಗರ್‌ನಾಕಿ ನೀ. ನನ್ನಕಿಂತ ಮೊದ್ಲು ನೀನೇ ಹೋಗ್ತಿ," ಎಂದು ಬೈಯುತ್ತಲೇ ಹೊರಟಳು.

ಡಾಕ್ಟರ್ ಸಣ್ಣ ಕ್ಯಾಮೆರಾ ಇಳಿಸಿ ಬಹಳ ಹೊತ್ತು ನೋಡಿದರು. "ಕಿರುನಾಲಿಗಿ ತನ್ನ ಜಾಗದಾಗ ಐತಮ್ಮ. ಅದರ ಹಿಂದ ಗಡ್ಡಿ ಐತಿ. ವಾರಗಟ್ಲೆ ನೋವು ಹೋಗ್ಲಿಲ್ಲ ಅಂದ್ರ, ದನಿ ಬದ್ಲಾತು, ನುಂಗಾಕ ಆಗವಲ್ದು ಅಂದ್ರ, ಮನಿಮದ್ದಿನಾಗ ದಿನ ಕಳೀಬಾರ್ದ್ರಿ."

ದಾವಣಗೆರೆಯ ಬಯಾಪ್ಸಿ ಅದನ್ನೇ ಕ್ಯಾನ್ಸರ್ ಎಂದಿತು. ಕರೆಂಟಿನ ಟ್ರೀಟ್‌ಮೆಂಟ್, ಅಂದರೆ ರೇಡಿಯೇಶನ್, ಶುರುವಾಯಿತು. ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದ ಪ್ರೇಯರನ್ನೂ ಕೊಟ್ಟೂರೇಶನ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆ. ಯಾರಾದರೂ ಕೇಳಲಿ, ಎನಿಬಡಿ.

ಕೊನೆಯ ಸಲ ಅವಳನ್ನು ನೋಡಿದ್ದು ಅಲ್ಲಿಯ ವಾರ್ಡಿನಲ್ಲಿ, ಒಂದು ಸಂಜೆ. ಚಮಚದಲ್ಲಿ ರಾಗಿ ಗಂಜಿ ಕುಡಿಸಿದೆ. "ಇಳೀತಾ?" ಎಂದೆ. ತಲೆಯಾಡಿಸಿದಳು. ನಾನು ಗೆದ್ದವಳಂತೆ ಲೋಟ ತೊಳೆಯಲು ಎದ್ದೆ. ಬಾಗಿಲ ಬಳಿ ತಿರುಗಿ ನೋಡಿದರೆ, ಅಕ್ಕ ಗೋಡೆಯ ಕಡೆ ಹೊರಳಿ, ಬಾಯಲ್ಲೇ ಇಟ್ಟುಕೊಂಡಿದ್ದ ಗಂಜಿಯನ್ನು ಸದ್ದಿಲ್ಲದೆ ಸೆರಗಿಗೆ ಬಿಡುತ್ತಿದ್ದಳು.